ನೂರಕ್ಕೆ ಆರು ರೂಪಾಯಿಯ ಲೆಕ್ಕ: ಗ್ರಂಥಾಲಯ ಪುಸ್ತಕ ಆಯ್ಕೆ ಸಮಿತಿಗೊಂದು ಬಹಿರಂಗ ಪತ್ರ

ಗೆ,
ಸಾರ್ವಜನಿಕ ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಸಮಿತಿಯ ಅಧ್ಯಕ್ಷರು ಹಾಗೂ ಸದಸ್ಯರು

ಮಾನ್ಯರೇ,

ಬೆಂಗಳೂರಿನಲ್ಲಿ ಸ್ವಂತ ಮನೆಯಿರುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಆಸ್ತಿ ತೆರಿಗೆ ಕಟ್ಟುವಾಗ ಆ ತೆರಿಗೆಯ ನೂರಕ್ಕೆ 6ರಷ್ಟನ್ನು ಗ್ರಂಥಾಲಯ ಕರವಾಗಿಯೂ ಕಟ್ಟುತ್ತಾರೆ. ಆರೋಗ್ಯ ಕರ, ಭಿಕ್ಷುಕರ ಕರಗಳೊಂದಿಗೆ ಸೇರಿ ‘ಸೆಸ್’ ಎಂಬ ಒಂದೇ ಮಾತಿನಲ್ಲಿ ಅದು ಅಡಗಿ ಕೂರುವುದರಿಂದ ತಾವು ಪುಸ್ತಕಗಳಿಗೆ ದುಡ್ಡು ಕೊಡುತ್ತಿದ್ದೇವೆಂಬುದು ಬಹಳ ಮಂದಿಯ ಗಮನಕ್ಕೇ ಬರುವುದಿಲ್ಲ. ಬಾಡಿಗೆಗಿರುವವರ ಪಾಲನ್ನು ಮಾಲೀಕರು ಬಾಡಿಗೆಯಲ್ಲೇ ವಸೂಲು ಮಾಡಿಕೊಳ್ಳುವುದರಿಂದ ಅವರೂ ಇದಕ್ಕೆ ಹೊರತಲ್ಲ. ಈ ಸಲ ನನ್ನ ಪಾಲಿಗೆ ಬಂದ ಗ್ರಂಥಾಲಯ ಕರ 288 ರೂಪಾಯಿ. ಸಾಧಾರಣ ಗಾತ್ರದ ಒಂದು ಕನ್ನಡ ಪುಸ್ತಕಕ್ಕೆ ಸಾಕಾಗುವ ಹಣ. ಆ ಒಂದು ಪುಸ್ತಕದ ಲೆಕ್ಕ ಕೇಳುವುದಷ್ಟೇ ಈ ಪತ್ರದ ಉದ್ದೇಶ. ವಸೂಲಾದ ಕರ ಗ್ರಂಥಾಲಯಗಳಿಗೆ ಸಕಾಲದಲ್ಲಿ ತಲುಪುವುದಿಲ್ಲವೆಂಬ ಹಳೆಯ ದೂರಿಗೆ ನಾನಿಲ್ಲಿ ಕೈಹಾಕುವುದಿಲ್ಲ. ಅದನ್ನು ನನಗಿಂತ ಚೆನ್ನಾಗಿ ತಿಳಿದವರು ಬರೆದಿದ್ದಾರೆ.

ನಾನು ಇಪ್ಪತ್ತೆರಡು ವರ್ಷಗಳಿಂದ ಕನ್ನಡ ಪುಸ್ತಕಗಳ ಕರಡು ತಿದ್ದುತ್ತಿದ್ದೇನೆ. ಕಾದಂಬರಿಗಳಿಗಿಂತ ಹೆಚ್ಚಾಗಿ ವಿಜ್ಞಾನ, ಕೃಷಿ, ಆರೋಗ್ಯಕ್ಕೆ ಸಂಬಂಧಿಸಿದ ಬರವಣಿಗೆ ನನ್ನ ಕೈದಾಟಿದೆ. ಈ ಅನುಭವದ ಬಲದ ಮೇಲೆ ನಾನು ನಿಮ್ಮ ಮುಂದಿಡುತ್ತಿರುವ ಕೋರಿಕೆ ಇದು: ತಂತ್ರಜ್ಞಾನ ಹೇಗೆ ಕೆಲಸ ಮಾಡುತ್ತದೆಂಬುದನ್ನೂ ಅದು ಬಂದ ಮೇಲೆ ಜನರ ಬದುಕಿನಲ್ಲಿ ಏನು ಬದಲಾಯಿತೆಂಬುದನ್ನೂ ಒಟ್ಟಿಗೆ ಹೇಳುವ ಪುಸ್ತಕಗಳನ್ನು ಒಂದು ಬೇರೆಯೇ ಬಗೆಯೆಂದು ಗುರುತಿಸಿ, ಆ ಬಗೆಗೆ ತಕ್ಕ ಅಳತೆಗೋಲಿನಿಂದ ಅಳೆದು ಖರೀದಿಸಿ. ಈಗ ಅವು ಅಳತೆಗೇ ಸಿಗದೆ ಜಾರಿಹೋಗುತ್ತಿವೆ.

ನಗರದ ದಕ್ಷಿಣ ಭಾಗದ ಒಂದು ಶಾಖಾ ಗ್ರಂಥಾಲಯಕ್ಕೆ ನಾನು ಹೋಗುವ ರೂಢಿಯಿದೆ; ಯಾವುದೆಂದು ಹೇಳುವುದಿಲ್ಲ, ಏಕೆಂದರೆ ಅಲ್ಲಿನ ಸಿಬ್ಬಂದಿ ಇರುವುದರಲ್ಲಿ ಒಳ್ಳೆಯ ಕೆಲಸ ಮಾಡುತ್ತಿದ್ದಾರೆ. ಬೆಳಗಿನ ಹೊತ್ತು ಪತ್ರಿಕೆಗಳ ಮೇಜಿನ ಸುತ್ತ ಕೂರಲು ಜಾಗವಿರುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಮೂಲೆಗಳು ಬೆರಳಿನ ಎಣ್ಣೆಯಿಂದ ಕಪ್ಪಾಗಿ, ಬೆನ್ನಿಗೆ ಹಚ್ಚಿದ ಕಂದು ಟೇಪೇ ಎರಡು ಪದರವಾಗಿರುತ್ತದೆ. ‘ವಿಜ್ಞಾನ–ತಂತ್ರಜ್ಞಾನ’ ಎಂದು ಬರೆದಿರುವ ಕಬ್ಬಿಣದ ಕಪಾಟಿಗೆ ಮಾತ್ರ ಬೀಗವಿದೆ. ಕಳೆದ ವರ್ಷ ಕೇಳಿ ತೆಗೆಸಿದೆ. ಫ್ಲಾಪಿಯನ್ನು ಡ್ರೈವಿಗೆ ಹಾಕುವುದು ಹೇಗೆಂದು ಚಿತ್ರ ಸಮೇತ ವಿವರಿಸುವ ಕಂಪ್ಯೂಟರ್ ಕೈಪಿಡಿ, ವಿಜ್ಞಾನಿಗಳ ಜೀವನಚರಿತ್ರೆಗಳ ಒಂದು ಸಾಲು, ‘ನಿಮಗಿದು ಗೊತ್ತೇ’ ಜಾತಿಯ ವಿಸ್ಮಯಗಳ ಎರಡು ಸಾಲು, ಒಳ್ಳೆಯವು ಎನ್ನಬಹುದಾದ ಹತ್ತು ಹನ್ನೆರಡು ಪರಿಸರದ ಪುಸ್ತಕಗಳು.

ನಾನು ಅವುಗಳನ್ನು ನೋಡುತ್ತ ನಿಂತಿದ್ದಾಗ, ಊಟ ತಲುಪಿಸುವ ಕಂಪನಿಯೊಂದರ ಅಂಗಿ ತೊಟ್ಟ ಹುಡುಗನೊಬ್ಬ ಗೋಡೆಯ ಪ್ಲಗ್ಗಿನಲ್ಲಿ ಮೊಬೈಲು ಚಾರ್ಜಿಗಿಟ್ಟು, ಅದು ತುಂಬುವವರೆಗೆ ಹೊತ್ತು ಕಳೆಯಲೆಂದು ನನ್ನ ಹಿಂದೆಯೇ ಬಂದು ಕಪಾಟಿಗೆ ಇಣುಕಿದ. ‘ಮೇಡಂ, ಈ ಆ್ಯಪ್‌ನೋರು ರೇಟಿಂಗ್ ಹೆಂಗೆ ಲೆಕ್ಕ ಹಾಕ್ತಾರೆ ಅಂತ ಇದ್ರಲ್ಲಿ ಎಲ್ಲಾದ್ರೂ ಬರ್ದಿರ್ತಾರಾ? ನಮ್ ರೂಮ್‌ಮೇಟ್‌ದು ಐಡಿ ಬ್ಲಾಕ್ ಆಗಿದೆ, ಯಾಕೆ ಅಂತ ಅವನಿಗೇ ಗೊತ್ತಿಲ್ಲ’ ಎಂದ. ನಾನು ಇಲ್ಲವೆಂದೆ. ಅವನಿಗೆ ಬೇಸರವೇನೂ ಆಗಲಿಲ್ಲ, ಏಕೆಂದರೆ ಇರಬಹುದೆಂದು ಅವನು ನಿಜವಾಗಿ ನಂಬಿರಲಿಲ್ಲ. ನನಗೆ ಆಯಿತು.

ಇದೇ ರಾಜ್ಯದ ಶಾಸನಸಭೆ 2025ರಲ್ಲಿ ಗಿಗ್ ಕಾರ್ಮಿಕರ, ಎಂದರೆ ಆ್ಯಪ್‌ಗಳ ಮೂಲಕ ಬಿಡಿ ಕೆಲಸ ಮಾಡುವವರ, ಸಾಮಾಜಿಕ ಭದ್ರತೆಗೆಂದು ಕಾಯ್ದೆ ಮಾಡಿತು. ರಾಜಸ್ಥಾನ 2023ರಲ್ಲಿ ಹಾಕಿಕೊಟ್ಟ ದಾರಿಯನ್ನು ಮುಂದುವರಿಸಿ, ಕಾರ್ಮಿಕರ ಮೇಲೆ ನಿಗಾ ಇಡುವ ಮತ್ತು ಅವರ ಬಗ್ಗೆ ತೀರ್ಮಾನ ಮಾಡುವ ಯಾಂತ್ರಿಕ ವ್ಯವಸ್ಥೆಗಳ ವಿಷಯದಲ್ಲಿ ಕಂಪನಿಗಳು ಪಾರದರ್ಶಕವಾಗಿರಬೇಕೆಂದೂ, ಒಪ್ಪಂದ ಸರಳ ಭಾಷೆಯಲ್ಲಿರಬೇಕೆಂದೂ ಆ ಕಾಯ್ದೆ ಹೇಳುತ್ತದೆ. ಅಂದರೆ ಆ ಹುಡುಗನ ಪ್ರಶ್ನೆ ಕೇವಲ ಕುತೂಹಲದ್ದಲ್ಲ, ಕಾನೂನಿನ ಬೆಂಬಲವಿರುವ ಪ್ರಶ್ನೆ. ಆದರೆ ಕಂಪನಿ ಕೊಡುವ ವಿವರಣೆ ಸರಿಯೋ ತಪ್ಪೋ ಎಂದು ತೂಗಿ ನೋಡಬೇಕಾದರೆ, ಎಷ್ಟು ನಿಮಿಷಕ್ಕೆ ತಲುಪಿದ, ಎಷ್ಟು ಆರ್ಡರ್ ನಿರಾಕರಿಸಿದ, ಯಾವ ಹೊತ್ತಿನಲ್ಲಿ ಲಾಗಿನ್ ಆದ ಎಂಬ ಅಂಕಿಗಳನ್ನು ಒಂದು ಯಂತ್ರ ಒಂದೇ ಅಂಕವಾಗಿ ಹೇಗೆ ಕುದಿಸಿ ಇಳಿಸಬಲ್ಲದೆಂಬ ಸಾಮಾನ್ಯ ತಿಳಿವಳಿಕೆ ಮೊದಲು ಬೇಕು. ಆ ತಿಳಿವಳಿಕೆಗೆ ಪುಸ್ತಕವೇ ದಾರಿ. ಮೂವತ್ತು ಸೆಕೆಂಡಿನ ವಿಡಿಯೋದಿಂದ ಅದು ಬರುವುದಿಲ್ಲ.

ಇಂಥ ಪುಸ್ತಕ ಬರೆಯುವವರಿಲ್ಲವೆಂದು ನೀವು ಹೇಳಬಹುದು. ಇದ್ದಾರೆ. ನನ್ನ ಕೈಯಲ್ಲೇ ಹಾದುಹೋದ ಒಂದರ ಕತೆಯನ್ನು ಹೇಳುತ್ತೇನೆ. ನಮ್ಮ ಎಪಿಎಂಸಿಗಳಲ್ಲಿ ಕೂಗಿ ಹರಾಜು ಹಾಕುವ ಪದ್ಧತಿ ಹಿಂದೆ ಸರಿದು, 2014ರಿಂದ ಕಂಪ್ಯೂಟರಿನಲ್ಲಿ ಟೆಂಡರ್ ಬರೆಯುವ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಬಂದ ಮೇಲೆ ರೈತ, ದಲ್ಲಾಳಿ, ಖರೀದಿದಾರ, ಹಮಾಲಿ ಇವರ ನಡುವಿನ ಸಂಬಂಧ ಹೇಗೆ ಬದಲಾಯಿತೆಂಬುದನ್ನು ಲೇಖಕರೊಬ್ಬರು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ತಿಂಗಳುಗಟ್ಟಲೆ ಕೂತು ಬರೆದಿದ್ದರು. ಪ್ರಕಾಶಕರು ಅದನ್ನು ಒಂದು ಖರೀದಿ ಯೋಜನೆಗೆ ‘ವಿಜ್ಞಾನ–ತಂತ್ರಜ್ಞಾನ’ ವಿಭಾಗದಲ್ಲಿ ಕಳಿಸಿದರು. ವಿಜ್ಞಾನದ ಅಂಶ ಕಡಿಮೆಯಿದೆಯೆಂಬ ಕಾರಣಕ್ಕೆ ಅದು ವಾಪಸಾಯಿತು. ಮುಂದಿನ ಸಲ ಬೇರೊಂದು ಕಡೆ ‘ಸಮಾಜಶಾಸ್ತ್ರ’ದಲ್ಲಿ ಕಳಿಸಿದರು, ವಿಷಯ ತಾಂತ್ರಿಕವಾಗಿದೆ ಎಂಬ ಉತ್ತರ ಬಂತು. ಅತ್ತ ದರಿ, ಇತ್ತ ಪುಲಿ. ಮೂರನೆಯ ಸಲ ಕಳಿಸುವ ಹೊತ್ತಿಗೆ ಪುಸ್ತಕ ಹಳತಾಗಿತ್ತು, ನಿಯಮದ ಪ್ರಕಾರ ಪ್ರಕಟವಾದ ವರ್ಷ ಮೀರಿತ್ತು. ಉಳಿದ ಪ್ರತಿಗಳು ಚಾಮರಾಜಪೇಟೆಯ ಒಂದು ಗೋದಾಮಿನಲ್ಲಿ ಬಹಳ ದಿನ ಇದ್ದವು, ಆಮೇಲೆ ತೂಕಕ್ಕೆ ಹೋದವು.

ಈ ತೊಡಕು ಗ್ರಂಥಾಲಯ ಶಾಸ್ತ್ರಕ್ಕೆ ಹೊಸದಲ್ಲ, ಅದಕ್ಕೆ ಉತ್ತರವೂ ಹೊಸದಲ್ಲ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸಲು ಲೋಕದ ಬಹಳಷ್ಟು ಗ್ರಂಥಾಲಯಗಳು ಬಳಸುವ ಡ್ಯೂಯಿ ವರ್ಗೀಕರಣದಲ್ಲಿ ತಂತ್ರಜ್ಞಾನಕ್ಕೆ 600ರ ಸಾಲು, ಸಮಾಜ ವಿಜ್ಞಾನಗಳಿಗೆ 300ರ ಸಾಲು. ವಿಜ್ಞಾನ ತಂತ್ರಜ್ಞಾನಗಳಿಂದ ಸಮಾಜದಲ್ಲಾಗುವ ಬದಲಾವಣೆಯನ್ನು ಕುರಿತ ಪುಸ್ತಕಗಳಿಗೆಂದೇ ಅದರಲ್ಲಿ 303.483 ಎಂಬ ಸಂಖ್ಯೆಯಿದೆ. ಆ ಸಂಖ್ಯೆ ಹಾಕಿದ ಪುಸ್ತಕಕ್ಕೆ ಮನೆಯಿಲ್ಲವೆಂದು ಯಾರೂ ಹೇಳಲಾರರು. ಇನ್ನು, ಹೊರಗಿನ ಉದಾಹರಣೆಯೇ ಏಕೆ ಬೇಕು? ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರಗಳನ್ನು 1931ರಲ್ಲಿ ಕೊಟ್ಟ ಎಸ್. ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಇದೇ ಬೆಂಗಳೂರಿನಲ್ಲಿ. 1962ರಲ್ಲಿ ಅವರು ಇಲ್ಲಿ ಕಟ್ಟಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಈಗಲೂ ಮೈಸೂರು ರಸ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿದೆ. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬುದು ಅವರ ಎರಡನೆಯ ಮತ್ತು ಮೂರನೆಯ ಸೂತ್ರಗಳು. ಆ ಊಟ ತಲುಪಿಸುವ ಹುಡುಗನ ಮಟ್ಟಿಗೆ ಎರಡನೆಯದು, ಗೋದಾಮಿನ ಪುಸ್ತಕದ ಮಟ್ಟಿಗೆ ಮೂರನೆಯದು ಮುರಿದುಬಿತ್ತು.

ಇಂಥ ಪುಸ್ತಕ ಏಕೆ ಬೇಕೆಂಬುದಕ್ಕೆ ನಮ್ಮ ಮನೆಗಳ ಬಚ್ಚಲಿನಿಂದಲೇ ಹೊರಡುವ ಒಂದು ಉದಾಹರಣೆ ಸಾಕು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ ಹರಿಸುವ ಕೆ. ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ದಿನಕ್ಕೆ 440 ದಶಲಕ್ಷ ಲೀಟರ್ ಅದರ ಗುರಿ. ಬತ್ತಿದ ಕೆರೆಗಳು ತುಂಬಿದವು, ಕೊಳವೆಬಾವಿಗಳಲ್ಲಿ ನೀರು ಮೇಲೆ ಬಂತೆಂದು ಹರ್ಷಿಸಿದ ರೈತರಿದ್ದಾರೆ. ಅದೇ ವರ್ಷ ಕೆರೆಯಲ್ಲಿ ನೊರೆ ಕಾಣಿಸಿಕೊಂಡು, ವಿಷಯ ಹೈಕೋರ್ಟಿಗೂ ಆಮೇಲೆ ಸುಪ್ರೀಂ ಕೋರ್ಟಿಗೂ ಹೋಯಿತು. ವಿವಾದದ ತಿರುಳು ಒಂದು ತಾಂತ್ರಿಕ ಪದದಲ್ಲಿತ್ತು: ಎರಡನೇ ಹಂತದ ಶುದ್ಧೀಕರಣ ಸಾಕೇ, ಮೂರನೆಯದೂ ಬೇಕೇ?

ಮೊದಲ ಹಂತದಲ್ಲಿ ಮರಳು, ಕಸ, ತಳಕ್ಕಿಳಿಯುವ ಗಸಿ ಬೇರೆಯಾಗುತ್ತದೆ. ಎರಡನೆಯದರಲ್ಲಿ ನೀರಿಗೆ ಗಾಳಿಯೂಡಿ, ಬ್ಯಾಕ್ಟೀರಿಯಗಳು ಕರಗಿದ ಕೊಳೆಯನ್ನು ತಿನ್ನುವಂತೆ ಮಾಡುತ್ತಾರೆ. ಸೋಪಿನ ಪುಡಿಯಿಂದಲೂ ಮಲಮೂತ್ರದಿಂದಲೂ ಬರುವ ರಂಜಕ, ಸಾರಜನಕಗಳು ಸಾಮಾನ್ಯ ಎರಡನೇ ಹಂತದಲ್ಲಿ ಪೂರ್ತಿಯಾಗಿ ಹೋಗುವುದಿಲ್ಲ. ಅವುಗಳನ್ನು ತೆಗೆಯಲು, ಮತ್ತಷ್ಟು ಸೋಸಲು, ರೋಗಾಣುಗಳನ್ನು ಕೊಲ್ಲಲು ಮೂರನೆಯ ಹಂತ. ರಂಜಕ ಉಳಿದರೆ ಕೆರೆಯಲ್ಲಿ ಪಾಚಿಯೂ ಕಳೆಯೂ ಹಬ್ಬುತ್ತವೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನೂ, 2017ರ ಫೆಬ್ರವರಿಯಲ್ಲಿ ಅದೇ ಕೆರೆಯಿಂದ ಹೊಗೆಯೆದ್ದದ್ದನ್ನೂ ಕಂಡ ನಮಗೆ ಇದನ್ನು ಮತ್ತೆ ಹೇಳಬೇಕಾಗಿಲ್ಲ. ಈ ಐದಾರು ವಾಕ್ಯಗಳಷ್ಟು ವಿವರಣೆ ಆಧಾರ ಸಮೇತ, ಎರಡೂ ಕಡೆಯ ವಾದದ ಸಮೇತ, ಅರವತ್ತು ಪುಟಗಳಾಗಿ ಹಿಗ್ಗಿ ಕೋಲಾರ, ಮಾಲೂರು, ಶ್ರೀನಿವಾಸಪುರದ ಗ್ರಂಥಾಲಯಗಳಲ್ಲಿದ್ದಿದ್ದರೆ, ಗ್ರಾಮಸಭೆಯಲ್ಲಿ ಎದ್ದುನಿಂತವರು ‘ನೀರು ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳುವ ಬದಲು ‘ಯಾವ ಹಂತದವರೆಗೆ ಶುದ್ಧ ಮಾಡಿದ್ದೀರಿ, ಪರೀಕ್ಷೆಯ ವರದಿ ಎಲ್ಲಿ’ ಎಂದು ಕೇಳುತ್ತಿದ್ದರು. ಮೊದಲ ಪ್ರಶ್ನೆಗೆ ಅಧಿಕಾರಿಗಳು ಒಂದು ಭಾಷಣ ಮಾಡಿ ಕೂತುಬಿಡಬಹುದು, ಎರಡನೆಯದಕ್ಕೆ ಕಾಗದ ತೋರಿಸಲೇಬೇಕು.

ನಮ್ಮ ಮನೆಗೆಲಸಕ್ಕೆ ಬರುವಾಕೆಯದು ಇನ್ನೊಂದು ಬಗೆ. ಪಾತ್ರೆ ತಿಕ್ಕಿ ತಿಕ್ಕಿ ಆಕೆಯ ಬೆರಳಿನ ಗೆರೆಗಳು ಸವೆದಿವೆ. ನ್ಯಾಯಬೆಲೆ ಅಂಗಡಿಯ ಯಂತ್ರ ಹೆಬ್ಬೆರಳನ್ನು ಒಮ್ಮೊಮ್ಮೆ ಒಪ್ಪುವುದಿಲ್ಲ. ‘ಓದು ಬರದೋರನ್ನ ಹೆಬ್ಬೆಟ್ಟು ಅಂತಿದ್ರು. ಈಗ ನಂಗೆ ಆ ಹೆಬ್ಬೆಟ್ಟೂ ಇಲ್ದಂಗಾಯ್ತು ನೋಡಿ ಅಕ್ಕಾ’ ಎಂದು ಆಕೆ ನಕ್ಕಳು. ಯಂತ್ರ ಬೆರಳನ್ನು ಹೇಗೆ ಓದುತ್ತದೆ, ಎಲ್ಲಿ ಎಡವುತ್ತದೆ, ಎಡವಿದಾಗ ಬೇರೆ ದಾರಿ ಯಾವುದು ಎಂಬುದು ಆಕೆಗೆ ಅನ್ನದ ಪ್ರಶ್ನೆ. ಬೆರಳಿನ ಗುರುತು ಕೇಳುವ ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಹೂಡಿದ, ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ 2017ರ ಆಗಸ್ಟ್ 24ರಂದು ತೀರ್ಪಿತ್ತ ಮೊಕದ್ದಮೆ ಯಾರ ಹೆಸರಿನದು? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರದು. ನಮ್ಮವರೇ ಹೂಡಿದ ದಾವೆಯ ಕತೆಯನ್ನು, ಅದರ ಹಿಂದಿನ ಆಧಾರ್ ಯಂತ್ರಾಂಗದ ವಿವರವನ್ನು, ಅದು ಗೆದ್ದದ್ದೆಷ್ಟು ಸೋತದ್ದೆಷ್ಟು ಎಂಬುದನ್ನು ಸಾವಧಾನವಾಗಿ ಹೇಳುವ ಒಂದು ಕನ್ನಡ ಪುಸ್ತಕ ನಾನು ಹೋಗುವ ಶಾಖೆಯ ಯಾವ ಕಪಾಟಿನಲ್ಲೂ ಸಿಗಲಿಲ್ಲ.

ಕನ್ನಡಕ್ಕೆ ಈ ಬಗೆಯ ಬರವಣಿಗೆ ಒಗ್ಗದೆಂಬ ಮಾತನ್ನು ದಯವಿಟ್ಟು ನನ್ನೆದುರು ಯಾರೂ ಹೇಳಬಾರದು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಅದಾಗಿ ಹದಿಮೂರೇ ವರ್ಷಕ್ಕೆ, 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಇದೇ ಊರಿನಿಂದ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದರು. ಅದು ಎರಡು ವರ್ಷ ಬದುಕಿತು. ಪಾರಿಭಾಷಿಕ ಪದಗಳೇ ಇಲ್ಲದಿದ್ದ ಕಾಲದಲ್ಲಿ ಎರಡು ವರ್ಷವೆಂದರೆ ದೊಡ್ಡದು. ಶಿವರಾಮ ಕಾರಂತರು 1936ರಲ್ಲಿ ‘ಬಾಲ ಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ತಂದರು, 1959ರಿಂದ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಬರೆದರು. ಪರಮಾಣುವಿನ ಬೆರಗನ್ನು ಕನ್ನಡ ಮಕ್ಕಳಿಗೆ ತೋರಿಸಿದ ಅದೇ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ, ಎಂಬತ್ತು ದಾಟಿದ ಮೇಲೆ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತರು, ಸೋತರು. ಐದು ವರ್ಷದ ನಂತರ, 1994ರ ಮೇ 13ರಂದು, ಕಟ್ಟುತ್ತಿದ್ದ ಮೊದಲ ಘಟಕದ ಗುಮ್ಮಟದ ಒಳಮೈಯ ಕಾಂಕ್ರೀಟು ಕಳಚಿ ಬಿತ್ತು. ಕಾರಂತರ ನಿಲುವು ಸರಿಯೆಂದು ಸಾಧಿಸಲು ಇದನ್ನು ಹೇಳುತ್ತಿಲ್ಲ. ಕೈಗಾ ಮುಂದೆ ಕಟ್ಟಿ ಮುಗಿದು ವಿದ್ಯುತ್ತನ್ನೂ ಕೊಟ್ಟಿತು. ಬೆರಗು ಮತ್ತು ಪ್ರಶ್ನೆ ಒಂದೇ ತಲೆಯಲ್ಲಿ ಒಟ್ಟಿಗಿರಬಲ್ಲವೆಂಬುದನ್ನು ತೋರಿಸಲು ಹೇಳಿದೆ. ಬಿ. ಜಿ. ಎಲ್. ಸ್ವಾಮಿ, ಪೂರ್ಣಚಂದ್ರ ತೇಜಸ್ವಿ, ನಾಗೇಶ ಹೆಗಡೆ ಇವರನ್ನು ಓದಿದ ಯಾರಿಗೂ ಇದನ್ನು ಒತ್ತಿ ಹೇಳಬೇಕಿಲ್ಲ.

ಪುಸ್ತಕವೊಂದು ಇಷ್ಟೆಲ್ಲ ಮಾಡೀತೇ ಎಂದು ಕೇಳುವವರಿಗೆ: ಅಮೆರಿಕದ ಲೇಖಕಿ ರೇಚಲ್ ಕಾರ್ಸನ್ ಕೀಟನಾಶಕಗಳ ಮೇಲೆ ಬರೆದ ಪುಸ್ತಕ ಬಂದದ್ದು 1962ರಲ್ಲಿ, ಅಮೆರಿಕ ಡಿಡಿಟಿಯ ಕೃಷಿ ಬಳಕೆಯನ್ನು ನಿಷೇಧಿಸಿದ್ದು 1972ರಲ್ಲಿ. ನಮ್ಮ ಕರಾವಳಿಯ ಗೇರುತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನಿಗೆ ಸುಪ್ರೀಂ ಕೋರ್ಟು ತಡೆ ಹಾಕಿದ್ದು 2011ರಲ್ಲಿ. ಅಷ್ಟು ಹೊತ್ತಿಗೆ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಮನೆಗಳಲ್ಲಿ ಒಂದು ತಲೆಮಾರು ನೊಂದಿತ್ತು.

ಇನ್ನು ನನ್ನ ಕಸುಬಿನ ಮಾತು. ಪುಟಕ್ಕೆ ಇಷ್ಟೆಂದು ಬೆಲೆ ಕಟ್ಟುವ ಪದ್ಧತಿಯಲ್ಲಿ ಒಂದು ಕವನದ ಪುಟವೂ, ಹನ್ನೆರಡು ಅಡಿಟಿಪ್ಪಣಿಗಳಿರುವ ಪುಟವೂ ಒಂದೇ. ಹೀಗಾಗಿ ಪ್ರಕಾಶಕರು ಮೊದಲು ಕತ್ತರಿಸುವುದು ನಕ್ಷೆ, ಕೋಷ್ಟಕ, ಪದಸೂಚಿಗಳನ್ನು. ನಾನು ಹೇಳಿದ ಆ ಮಾರುಕಟ್ಟೆಯ ಪುಸ್ತಕಕ್ಕೆ ಪದಸೂಚಿ ಮಾಡಿದವಳು ನಾನೇ. ಖಾಲಿ ಸ್ವೀಟ್ ಡಬ್ಬದಲ್ಲಿ ಚೀಟಿಗಳನ್ನು ಅಕಾರಾದಿಯಾಗಿ ನಿಲ್ಲಿಸುತ್ತ ಹೋದಾಗ ‘ದ’ದಲ್ಲಿ ‘ದತ್ತಾಂಶ’ವೆಂದು ಹದಿನಾಲ್ಕು, ‘ಡ’ದಲ್ಲಿ ‘ಡೇಟಾ’ ಎಂದು ಒಂಬತ್ತು ಚೀಟಿ ಸಿಕ್ಕಿ, ಎರಡೂ ಒಂದೇ ಎಂಬುದು ಲೇಖಕರಿಗೂ ಮರೆತುಹೋಗಿತ್ತೆಂದು ಗೊತ್ತಾಯಿತು. ಫೋನ್ ಮಾಡಿದೆ. ಮಂಡಿಯ ಗುಮಾಸ್ತರು ಏನೆನ್ನುತ್ತಾರೆಂದು ಕೇಳಿದೆ. ‘ಅವರು ಲೆಕ್ಕ ಅಂತಾರೆ’ ಎಂದರು. ಕೊನೆಗೆ ಅರ್ಧಕ್ಕರ್ಧ ಕಡೆ ‘ಲೆಕ್ಕ’ವೇ ಉಳಿಯಿತು, ಪುಸ್ತಕ ಹಗುರಾಯಿತು. ಸ್ಟಾರ್ಟರು, ಕೆಪಾಸಿಟರು, ವೋಲ್ಟೇಜು ಎಂಬ ಮಾತುಗಳನ್ನು ತನ್ನ ಪಂಪ್‌ಸೆಟ್ಟಿನೊಂದಿಗೆ ಮನೆಮಾತು ಮಾಡಿಕೊಂಡ ರೈತನಿಗೆ ಪರಿಭಾಷೆ ಎಂದೂ ತಡೆಗೋಡೆಯಾಗಿರಲಿಲ್ಲ. ಗೋಡೆ ಕಟ್ಟಿದವರು ಬರೆಯುವ ನಾವು. ಇಂಥ ತಿದ್ದುವಿಕೆಗೆ ಮೂರು ವಾರ ಹಿಡಿಯಿತು, ಪುಟದ ದರದಲ್ಲಿ ಅದಕ್ಕೆ ಬೆಲೆಯಿಲ್ಲ.

ಅನುವಾದಗಳ ಪಾಡು ಬೇರೆ. ಹೊರದೇಶದ ಲೇಖಕರಿಗೆ ಕೊಡಬೇಕಾದ ಮುಂಗಡ ಗೌರವಧನವನ್ನು ಸಾವಿರ ಪ್ರತಿಯ ಮುದ್ರಣ ತಾಳಿಕೊಳ್ಳುವುದಿಲ್ಲವಾದ್ದರಿಂದ ತಂತ್ರಜ್ಞಾನದ ಹೆಸರಿನಲ್ಲಿ ಕನ್ನಡಕ್ಕೆ ಬರುವುದು ಹೆಚ್ಚಾಗಿ ಕಂಪನಿ ಕಟ್ಟಿದವರ ಗೆಲುವಿನ ಕತೆಗಳು. ಇತ್ತೀಚೆಗೆ ರಾತ್ರೋರಾತ್ರಿ ಯಂತ್ರದಿಂದ ಅನುವಾದ ಮಾಡಿಸಿ ‘ಸ್ವಲ್ಪ ಕರಡು ನೋಡಿಕೊಡಿ’ ಎನ್ನುವವರೂ ಬರುತ್ತಿದ್ದಾರೆ. ಅಂಥ ಒಂದರಲ್ಲಿ, ಇಂಟರ್‌ನೆಟ್ಟಿನ ಸಂಗ್ರಹಕ್ಕೆ ಹೇಳುವ ‘ಕ್ಲೌಡ್’ ಅಕ್ಷರಶಃ ಮೋಡವಾಗಿ, ‘ನಿಮ್ಮ ಛಾಯಾಚಿತ್ರಗಳು ಮೋಡದಲ್ಲಿ ಸುರಕ್ಷಿತವಾಗಿವೆ’ ಎಂದಿತ್ತು. ಮಳೆ ಬಂದರೆ ಗತಿಯೇನೆಂದು ಅಂಚಿನಲ್ಲಿ ಬರೆದು ವಾಪಸು ಕಳಿಸಿದೆ. ಇಂಥವು ಗ್ರಂಥಾಲಯಕ್ಕೆ ಬಂದು ಕೂರುವ ಮೊದಲು ತಡೆಯಬಲ್ಲವರು ನೀವೇ.

ಆದ್ದರಿಂದ ಮುಂದಿನ ಆಯ್ಕೆಯ ಅರ್ಜಿ ನಮೂನೆಯಲ್ಲಿ ‘ತಂತ್ರಜ್ಞಾನ ಮತ್ತು ಸಮಾಜ’ ಎಂಬ ಒಂದು ಸಾಲನ್ನು ಸೇರಿಸಿ. ಆ ಸಾಲಿನ ಪುಸ್ತಕಗಳನ್ನು ವಿಜ್ಞಾನ ಬಲ್ಲವರೊಬ್ಬರು, ಆ ಕ್ಷೇತ್ರದಲ್ಲಿ ದುಡಿಯುವವರೊಬ್ಬರು ಸೇರಿ ನೋಡಲಿ. ಎರಡನೆಯವರು ಪದವೀಧರರೇ ಆಗಿರಬೇಕಿಲ್ಲ, ಹಮಾಲಿಯೋ ಆಶಾ ಕಾರ್ಯಕರ್ತೆಯೋ ಆದರೂ ಸರಿ. ಪದಸೂಚಿ, ಟಿಪ್ಪಣಿ, ನಕ್ಷೆಗಳಿರುವ ಪುಸ್ತಕಕ್ಕೆ ಪುಟದ ದರ ಸ್ವಲ್ಪ ಹೆಚ್ಚಿರಲಿ. ತಿದ್ದಿ ಹೊಸದಾಗಿಸಿದ ಮರುಮುದ್ರಣವನ್ನು ಹಳೆಯದೆಂದು ತಳ್ಳಬೇಡಿ, ಏಕೆಂದರೆ ಈ ವಿಷಯದಲ್ಲಿ ತಿದ್ದದ ಪುಸ್ತಕ ಐದು ವರ್ಷಕ್ಕೆ ಫ್ಲಾಪಿಯಾಗುತ್ತದೆ. ಅರಿವು ಕೇಂದ್ರಗಳೆಂಬ ಹಳ್ಳಿಯ ಪಂಚಾಯಿತಿ ಗ್ರಂಥಾಲಯಗಳಿಗೂ ಇದೇ ಪಟ್ಟಿ ಹೋಗುವಂತಾದರೆ ಇನ್ನೂ ಒಳ್ಳೆಯದು. ಹಣ ಹೆಚ್ಚಾಗಿ ಬೇಕೆಂದು ನಾನು ಕೇಳುತ್ತಿಲ್ಲ. ಈಗ ಕೊಳ್ಳುವುದರಲ್ಲೇ ವಿಸ್ಮಯದ ಪುಸ್ತಕಗಳ ಒಂದು ಸಾಲು ಕಡಿಮೆಯಾದರೆ ಸಾಕು.

ಆ ಮಾರುಕಟ್ಟೆಯ ಪುಸ್ತಕದ ಎರಡು ಪ್ರತಿಗಳು ನನ್ನ ಬಳಿ ಉಳಿದಿದ್ದವು. ಒಂದನ್ನು ಸಮಿತಿ ಕೇಳಿದರೆ ಕೊಡುತ್ತೇನೆ. ಇನ್ನೊಂದನ್ನು ಕಳೆದ ವಾರ ನಮ್ಮ ಶಾಖಾ ಗ್ರಂಥಾಲಯಕ್ಕೆ ದಾನವಾಗಿ ಒಯ್ದಿದ್ದೆ. ಗ್ರಂಥಪಾಲಕರು ಸಂತೋಷದಿಂದ ತೆಗೆದುಕೊಂಡರು, ದಾಖಲೆ ಪುಸ್ತಕ ತೆರೆದರು, ಪೆನ್ನು ಹಿಡಿದು, ‘ಮೇಡಂ, ಇದನ್ನ ಯಾವ ವಿಭಾಗಕ್ಕೆ ಹಾಕ್ಲಿ?’ ಎಂದು ಕೇಳಿದರು. ನಾನು 303.483 ಎಂದೆ. ಅವರು ಬರೆದುಕೊಂಡರು, ಆ ಸಂಖ್ಯೆಯ ಕಪಾಟಿಲ್ಲದ ಕಾರಣ ಪುಸ್ತಕ ಸದ್ಯಕ್ಕೆ ಅವರ ಮೇಜಿನ ಮೇಲಿದೆ.

ಇತಿ,
ಕರಡು ತಿದ್ದುವ ಒಬ್ಬ ತೆರಿಗೆದಾರಳು
ಹನುಮಂತನಗರ, ಬೆಂಗಳೂರು